ಮಗಳು ಸ್ಪಿತಿಯಲ್ಲಿ, ನಾವು ಕಲಬುರಗಿಯಲ್ಲಿ: ಬೆಟ್ಟದ ಹಳ್ಳಿಗೆ ಮಕ್ಕಳನ್ನು ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗಳು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಒಂದು ಹಳ್ಳಿಯಲ್ಲಿ ಸ್ವಯಂಸೇವಕಿಯಾಗಿ ಇದ್ದಾಳೆ. ಇದು ಎರಡನೇ ವರ್ಷ. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನಮ್ಮ ಮನೆಯವರು ಅವಳನ್ನು ನೋಡಿಕೊಂಡು ಬಂದೆವು. ಅವತ್ತಿನಿಂದ ಫೋನ್ ಬರುವುದು ನಿಂತಿಲ್ಲ. ಸೇಡಂನಿಂದ, ಹುಮನಾಬಾದ್‌ನಿಂದ, ಶಹಾಪುರದಿಂದ, ನಮ್ಮದೇ ಓಣಿಯಿಂದ. ಕೆಲವರ ಮಕ್ಕಳು ಆಗಲೇ ಇಂಥ ಕೆಲಸಕ್ಕೆ ಹೋಗಿದ್ದಾರೆ, ಕೆಲವರ ಮಕ್ಕಳು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ. ಎಲ್ಲರೂ ಕೇಳುವುದು ಸುಮಾರಾಗಿ ಒಂದೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಹಳ್ಳಿಯ ಹೆಸರು ಮಾತ್ರ ಬರೆದಿಲ್ಲ, ಮಗಳು ಬೇಡ ಎಂದಿದ್ದಾಳೆ.

ಸ್ಪಿತಿ ಎಲ್ಲಿದೆ? ಲಡಾಖ್ ಅಂದರೂ ಅದೇನಾ?

ಅಲ್ಲ. ಲಡಾಖ್ ಅದರ ಉತ್ತರಕ್ಕಿದೆ. ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಟಿಬೆಟ್ ಗಡಿಯ ಹತ್ತಿರ. ಅಲ್ಲಿನ ದೊಡ್ಡ ಊರು ಕಾಜಾ. ದೊಡ್ಡದು ಅಂದರೆ ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಕಾಜಾ 3,600 ಮೀಟರಿಗೂ ಮೇಲೆ. ನಮ್ಮ ಮಗಳ ಹಳ್ಳಿ ಅದಕ್ಕೂ ಮೇಲೆ, ಸುಮಾರು 4,200 ಮೀಟರ್. ಈ ಅಂಕಿಗಳನ್ನು ಸುಮ್ನೆ ಹೇಳುತ್ತಿಲ್ಲ, ಪ್ರಯಾಣದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಭಾರತೀಯರಿಗೆ ಅಲ್ಲಿಗೆ ಹೋಗಲು ಪರವಾನಗಿ ಬೇಕಿಲ್ಲ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಸಾಕು.

ಅವಳು ಅಲ್ಲಿ ಮಾಡುವುದೇನು? ಪಗಾರ ಎಷ್ಟು?

ಪಗಾರ ಇಲ್ಲ. ಇರಲು ಜಾಗ, ಊಟ, ಕೈಖರ್ಚಿಗೆ ಸ್ವಲ್ಪ ದುಡ್ಡು. ಬೆಳಗ್ಗೆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಗಣಿತ, ಇಂಗ್ಲಿಷ್. ಸಂಜೆ ದೊಡ್ಡ ಮಕ್ಕಳಿಗೆ ಓದಿಸುವುದು. ನಡುವೆ ಹಸಿರುಮನೆ ಕೆಲಸ ಇರುತ್ತದೆ. ಪ್ಲಾಸ್ಟಿಕ್ ಹೊದಿಸಿ ಒಳಗೆ ಪಾಲಕ್, ಮೂಲಂಗಿ ಬೆಳೆಯುತ್ತಾರೆ. ಅಲ್ಲಿ ಹೊರಗೆ ಬೆಳೆ ಬರುವುದು ವರ್ಷಕ್ಕೆ ಒಂದೇ ಸಲ, ಹಾಗಾಗಿ ಒಂದು ಕಟ್ಟು ಪಾಲಕ್ ಕೂಡ ದೊಡ್ಡದು.

ಈ ಪಗಾರದ ಪ್ರಶ್ನೆಯನ್ನು ನನಗೆ ಕೇಳದವರೇ ಇಲ್ಲ. ಮೊದಲು ಮುಜುಗರ ಆಗುತ್ತಿತ್ತು, ಇಂಜಿನಿಯರಿಂಗ್ ಓದಿಸಿ ಹೀಗಾಯಿತಲ್ಲ ಎಂದು ನಾನೂ ಒಳಗೊಳಗೇ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ನಮ್ಮ ಅತ್ತೆಯವರೇ ಕೇಳಿದವರಿಗೆ ಉತ್ತರ ಕೊಟ್ಟರು: "ಶರಣಬಸಪ್ಪನ ಗುಡ್ಯಾಗ ದಾಸೋಹಕ್ಕ ಬಡಸೋರಿಗಿ ಪಗಾರ ಎಷ್ಟು ಅಂತ ಕೇಳ್ತೀರೇನು?" ಅಂದಿನಿಂದ ನಾನೂ ಅದನ್ನೇ ಹೇಳುತ್ತೇನೆ.

ಯಾವ ತಿಂಗಳಲ್ಲಿ ಹೋಗಬೇಕು?

ಜೂನ್ ಅಥವಾ ಸೆಪ್ಟೆಂಬರ್. ನನ್ನನ್ನು ಕೇಳಿದರೆ ಸೆಪ್ಟೆಂಬರ್.

ಸ್ಪಿತಿಯಲ್ಲಿ ಮಳೆ ಕಡಿಮೆ, ಅದು ಹಿಮಾಲಯದ ಮಳೆನೆರಳಿನ ಕಡೆ ಇದೆ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಮಳೆ ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್ ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೆ, ಮೇಲಿಂದ ಕಲ್ಲು ಉರುಳುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ಮೇಲಿನ ಹಳ್ಳಿಗಳಲ್ಲಿ ಜವೆಗೋಧಿ (ಬಾರ್ಲಿ) ಕೊಯ್ಲು ನಡೆದಿರುತ್ತದೆ, ಶಾಲೆಯೂ ಇರುತ್ತದೆ. ನಮ್ಮಂಥ ಒಕ್ಕಲುತನದವರಿಗೆ ಇನ್ನೊಂದು ಅನುಕೂಲ, ಆಗ ತೊಗರಿ ಹೊಲದಲ್ಲಿ ಹಸಿರಾಗಿ ನಿಂತಿರುತ್ತದೆ, ರಾಶಿ ಇನ್ನೂ ದೂರ. ಹದಿನೈದು ದಿನ ಮನೆ ಬಿಟ್ಟರೆ ನಡೆಯುತ್ತದೆ.

ಚಳಿಗಾಲದಲ್ಲಿ ಬೇಡ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುತ್ತದೆ, ನಲ್ಲಿ, ಪೈಪು ಎಲ್ಲ ಹೆಪ್ಪುಗಟ್ಟುತ್ತವೆ. ಜನವರಿಯಲ್ಲಿ ಅಲ್ಲಿನ ಶಾಲೆಗಳಿಗೆ ರಜೆ. ಆಗ ಮಕ್ಕಳೇ ಊರಿಗೆ ಬರಲಿ.

ಕಲಬುರಗಿಯಿಂದ ಹೇಗೆ ಹೋಗುವುದು? ಎಷ್ಟು ದಿನ ಬೇಕು?

ಹೋಗಲು ಒಂಬತ್ತು ದಿನ ಇಟ್ಟುಕೊಳ್ಳಿ ಎಂದರೆ ಎಲ್ಲರೂ ಗಾಬರಿ ಆಗುತ್ತಾರೆ. ಆದರೆ ಆ ದಿನಗಳು ದಾರಿಗಾಗಿ ಅಲ್ಲ, ದೇಹಕ್ಕಾಗಿ.

ನಾವು ಹೋದದ್ದು ಹೀಗೆ. ಬೆಳಗ್ಗೆ ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಸೋಲಾಪುರ, ಮನ್ಮಾಡ್, ಭೋಪಾಲ್ ದಾಟಿ ಮರುದಿನ ಬೆಳಗ್ಗೆ ದಿಲ್ಲಿ. ಅಲ್ಲಿಂದ ಶಿಮ್ಲಾಕ್ಕೆ ಬಸ್ಸು. ಕಾಲ್ಕಾದಿಂದ ಶಿಮ್ಲಾಕ್ಕೆ ಹಳೆಯ ಚಿಕ್ಕ ರೈಲೂ ಇದೆ. 96 ಕಿಲೋಮೀಟರಿಗೆ ಐದು ತಾಸಿಗೂ ಜಾಸ್ತಿ ಬೇಕು, ಆದರೆ ಮಂಡಿ ನೋವಿರುವವರಿಗೆ ಘಟ್ಟದ ಬಸ್ಸಿಗಿಂತ ಅದೇ ಆರಾಮ. ಶಿಮ್ಲಾ 2,200 ಮೀಟರ್. ಅಲ್ಲಿ ಎರಡು ರಾತ್ರಿ. ಆಮೇಲೆ ರಾಂಪುರದ ಮೇಲೆ ಹಾದು ರೆಕಾಂಗ್ ಪಿಯೋ, ಅದರ ಮೇಲಿರುವ ಕಲ್ಪಾ. ಕಲ್ಪಾದಲ್ಲಿ ಎರಡು ರಾತ್ರಿ. ಅಲ್ಲಿಂದ ಸತ್ಲಜ್ ನದಿ, ಆಮೇಲೆ ಸ್ಪಿತಿ ನದಿಯ ಪಕ್ಕದಲ್ಲೇ ತಾಬೋ. ತಾಬೋದಲ್ಲಿ ಒಂದು ರಾತ್ರಿ. ತಾಬೋದಿಂದ ಕಾಜಾ 47 ಕಿಲೋಮೀಟರ್. ಕಾಜಾದಲ್ಲಿ ಎರಡು ರಾತ್ರಿ. ಆಮೇಲೆಯೇ ಹಳ್ಳಿ.

ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಹಿಮಾಚಲದ ಸರ್ಕಾರಿ ಬಸ್ಸು ಬೆಳಗ್ಗೆ ಬೇಗನೇ ಹೊರಡುತ್ತದೆ, ಇಡೀ ದಿನದ ಹಾದಿ. ಟಿಕೆಟ್ ಹಿಂದಿನ ದಿನವೇ ವಿಚಾರಿಸಿ. ಅರವತ್ತು ದಾಟಿದವರಿದ್ದರೆ ಆ ಹಾದಿಗೆ ಮಾತ್ರ ಟ್ಯಾಕ್ಸಿ ಮಾಡಿಕೊಳ್ಳಿ, ಬೇಕೆಂದಲ್ಲಿ ನಿಲ್ಲಿಸಬಹುದು.

ಯಾದಗಿರಿಯವರಿಗೂ ಇದೇ ರೈಲುದಾರಿ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ಚಂಡೀಗಢಕ್ಕೆ ವಿಮಾನದಲ್ಲಿ ಹೋದರೆ ಒಂದು ದಿನವಾದರೂ ಉಳಿಯುತ್ತದೆ. ಉಳಿದ ಆ ದಿನವನ್ನು ಕಲ್ಪಾದಲ್ಲಿ ಕಳೆಯಿರಿ.

ಮನಾಲಿ ಕಡೆಯಿಂದ ಒಂದೇ ದಿನದ ಹಾದಿ ಅಂತಾರಲ್ಲ?

ಹೌದು, ಒಂದೇ ದಿನದ ಹಾದಿ. 2020ರಲ್ಲಿ ಅಟಲ್ ಸುರಂಗ ಶುರುವಾದ ಮೇಲೆ ಇನ್ನೂ ಬೇಗ. ನಮಗೆ ಪೆಟ್ಟು ಬಿದ್ದದ್ದು ಅಲ್ಲಿಯೇ.

ಮಗಳು ಹೋದ ಎರಡೇ ತಿಂಗಳಿಗೆ, ಜೂನ್‌ನಲ್ಲಿ, ನಮ್ಮ ಮನೆಯವರು ಒಬ್ಬರೇ ಹೊರಟರು. ಟ್ಯಾಕ್ಸಿಯವನು "ಸಂಜೆ ಕಾಜಾದಲ್ಲಿ ಚಹಾ ಕುಡಿಯುತ್ತೀರಿ" ಎಂದ. ಇವರು ಒಪ್ಪಿದರು. ಮನಾಲಿ 2,000 ಮೀಟರಿನ ಆಸುಪಾಸು. ಅಲ್ಲಿಂದ ಬೆಳಗ್ಗೆ ಹೊರಟು ಕುಂಜುಮ್ ಕಣಿವೆದಾರಿ ಹತ್ತಿದರು, ಅದು 4,500 ಮೀಟರಿಗೂ ಮೇಲೆ. ದಾಟಿ ಇಳಿಯುವ ಹೊತ್ತಿಗೆ ತಲೆ ಸಿಡಿಯಲು ಶುರುವಾಯಿತು. ಕಾಜಾ ತಲುಪಿ ಮಲಗಿದರು, ವಾಂತಿ ನಿಲ್ಲಲಿಲ್ಲ. ರಾತ್ರಿ ಮಗಳು ಹಳ್ಳಿಯಿಂದ ಜೀಪಿನಲ್ಲಿ ಇಳಿದು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಆಮ್ಲಜನಕ ಹಚ್ಚಿದರು, ಬೆಳಗ್ಗೆ ಕೆಳಗೆ ತಾಬೋಕ್ಕೆ ಕಳಿಸಿದರು. ಕೆಳಗಿಳಿದ ಮೇಲೆ ಹುಷಾರಾದರು. ಆದರೆ ಮೇಲೆ ಹೋಗುವ ಧೈರ್ಯ ಉಳಿಯಲಿಲ್ಲ. ಮಗಳ ಹಳ್ಳಿ ನೋಡದೆ ವಾಪಸ್ ಬಂದರು. ಮನೆಗೆ ಬಂದು ಚೀಲ ಬಿಚ್ಚಿದಾಗ ನಾನು ಕಟ್ಟಿಕೊಟ್ಟಿದ್ದ ಉಂಡಿ ಹಾಗೇ ಇದ್ದವು. ಕೊಡಲು ಕೂಡ ನೆನಪಾಗಿರಲಿಲ್ಲ.

ಗಟ್ಟಿ ಮನುಷ್ಯ. ಬೇಸಿಗೆಯಲ್ಲಿ 43 ಡಿಗ್ರಿ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬರುವವರು. ಗಟ್ಟಿತನಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದನ್ನು ದಯವಿಟ್ಟು ನೆನಪಿಡಿ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಮೊದಲೇ ಹೇಳಲು ಆಗುವುದಿಲ್ಲ. ಮಾಡಬಹುದಾದದ್ದು ಒಂದೇ, ಮೆಲ್ಲಗೆ ಹತ್ತುವುದು.

ಎತ್ತರದಲ್ಲಿ ದೇಹಕ್ಕೆ ಆಗುವುದೇನು? ಬಿಪಿ, ಶುಗರ್ ಇರುವವರು ಹೋಗಬಹುದಾ?

4,200 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತರಷ್ಟು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ತೊಂದರೆ ಶುರು. ತಲೆನೋವು, ಹೊಟ್ಟೆ ತೊಳಸುವುದು, ಊಟ ಬೇಡ ಅನಿಸುವುದು, ನಿದ್ದೆ ಬರದಿರುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಕಾಜಾದಿಂದ ಹಳ್ಳಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಏರಬೇಕು. ಅದಕ್ಕೆ ನಾವು ಮೊದಲ ದಿನ ಹಗಲು ಹಳ್ಳಿಗೆ ಹೋಗಿ, ಮಗಳ ಜೊತೆ ಎರಡು ತಾಸು ಕೂತು, ರಾತ್ರಿ ಮಲಗಲು ಮತ್ತೆ ಕಾಜಾಕ್ಕೆ ಇಳಿದೆವು. ಮರುದಿನ ಹೋಗಿ ಉಳಿದೆವು. ಏನೂ ಆಗಲಿಲ್ಲ.

ಅಪಾಯದ ಗುರುತುಗಳು ಬೇರೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ಕುಡಿದವರಂತೆ ತೂರಾಡುವುದು, ಮಾತು ಅಡ್ಡಾದಿಡ್ಡಿ ಆಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಕೆಳಗೆ ಇಳಿಸಿ, ಆಸ್ಪತ್ರೆಗೆ ಒಯ್ಯಿರಿ. ಜೀವಕ್ಕೇ ಅಪಾಯ.

ಬಿಪಿ, ಶುಗರ್, ಹೃದಯದ ತೊಂದರೆ, ದಮ್ಮು ಇರುವವರು ಹೊರಡುವ ಒಂದು ತಿಂಗಳು ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. "ಬೆಟ್ಟಕ್ಕೆ ಹೋಗುತ್ತೇನೆ" ಎಂದಷ್ಟೇ ಹೇಳಬೇಡಿ, 4,200 ಮೀಟರ್ ಎಂದು ಲೆಕ್ಕ ಹೇಳಿ. ನಂದಿಬೆಟ್ಟದ ಲೆಕ್ಕದಲ್ಲಿ ಅವರು ತಲೆ ಆಡಿಸಿಬಿಡಬಹುದು. ಎತ್ತರದ ಈ ತೊಂದರೆ ತಡೆಯಲು ಡಯಾಮಾಕ್ಸ್ ಎಂಬ ಮಾತ್ರೆ ಇದೆ, ಅದನ್ನೂ ಅವರನ್ನು ಕೇಳಿಯೇ ತಗೊಳ್ಳಿ. ಸಲ್ಫಾ ಔಷಧ ಒಗ್ಗದವರು ಆ ಮಾತು ಮೊದಲೇ ಹೇಳಬೇಕು. ಇನ್ಸುಲಿನ್ ತಗೊಳ್ಳುವವರು ಅದು ಹೆಪ್ಪುಗಟ್ಟದಂತೆ ಮೈಗೆ ಹತ್ತಿರ, ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಔಷಧವನ್ನು ಎರಡು ವಾರಕ್ಕೆ ಆಗುವಷ್ಟು ಜಾಸ್ತಿಯೇ ಒಯ್ಯಿರಿ, ರಸ್ತೆ ಬಂದ್ ಆದರೆ ಅದು ಬೇಕಾಗುತ್ತದೆ.

ಅಲ್ಲಿ ನಡಿಗೆ ಕೂಡ ಬೇರೆ. ಮೊದಲ ದಿನ ಮಗಳನ್ನು ಕಂಡ ಖುಷಿಗೆ ನಾನು ಏರು ದಾರಿಯಲ್ಲಿ ಬಿರುಸಾಗಿ ಹತ್ತು ಹೆಜ್ಜೆ ಇಟ್ಟೆ, ಎದೆ ಡಬಡಬ ಬಡಿದುಕೊಂಡಿತು. ಅವಳು ಮೇಲಿಂದಲೇ ಕೂಗಿದಳು: "ಅವ್ವಾ, ಅಲ್ಲೇ ನಿಂದ್ರು. ಏನ್ ಅವಸರ ಅದ, ನಾ ಎಲ್ಲೂ ಹೋಗಲ್ಲ." ಅವಳೇ ಇಳಿದು ಬಂದಳು.

ಊರಿಂದ ಏನು ಒಯ್ಯಬೇಕು?

ಕಡಕ್ ರೊಟ್ಟಿ. ಒಂದು ತಿಂಗಳು ಇಟ್ಟರೂ ಕೆಡುವುದಿಲ್ಲ, ಹಗುರ, ಬಿಸಿ ಮಾಡುವ ಕೆಲಸ ಇಲ್ಲ. ಐವತ್ತು ಒಯ್ದೆ, ನೂರು ಒಯ್ಯಬೇಕಿತ್ತು. ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ನಡುವೆ ಹಳೆಯ ಸೀರೆಯ ತುಂಡು ತುರುಕಿ, ಇಲ್ಲದಿದ್ದರೆ ಶಿಮ್ಲಾ ತಲುಪುವಷ್ಟರಲ್ಲಿ ಪುಡಿ. ಮಗಳು ಇರುವ ಮನೆಯ ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದವು. ಒಬ್ಬ ಕಟಕ್ ಎಂದು ಮುರಿದ. ಆ ಸದ್ದಿಗೆ ಎಲ್ಲರಿಗೂ ನಗು. ಆಮೇಲೆ ತಿನ್ನುವುದಕ್ಕಿಂತ ಮುರಿಯುವುದೇ ಆಟವಾಯಿತು, ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿ ಕೊಟ್ಟ ಮೇಲೆ ತಿಂದರು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಮತ್ತೆ ಕೈ ಚಾಚಿದರು.

ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ಯುವಾಗ ಒಂದು ಎಚ್ಚರಿಕೆ. ಮೇಲೆ ಗಾಳಿಯ ಒತ್ತಡ ಕಡಿಮೆ, ಬಿಗಿಯಾಗಿ ಸೀಲ್ ಮಾಡಿದ ಪ್ಯಾಕೆಟ್‌ಗಳು ಬಲೂನಿನಂತೆ ಉಬ್ಬುತ್ತವೆ. ನನ್ನ ಒಂದು ಪ್ಯಾಕೆಟ್ ಚೀಲದಲ್ಲೇ ಒಡೆದು ಸ್ವೆಟರ್‌ಗೆಲ್ಲ ಹಿಂಡಿ. ಗಾಳಿ ಒತ್ತಿ ತೆಗೆದು ಕಟ್ಟಿ, ಇಲ್ಲ ಡಬ್ಬಿಯಲ್ಲಿ ಹಾಕಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗುತ್ತದೆ, ಬದಲಿಗೆ ವ್ಯಾಸಲಿನ್ ಒಯ್ಯಿರಿ. ತುಟಿ, ಹಿಮ್ಮಡಿ, ಮೂಗಿನ ಒಳಗೂ ಒಡೆಯುತ್ತದೆ.

ತೊಗರಿ ಬೇಳೆ ಒಯ್ಯಿರಿ ಎಂದು ನಾನು ಹೇಳಬೇಕಿಲ್ಲ, ನಮ್ಮ ಕಲಬುರಗಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ, ನಾವು ಒಯ್ಯದೆ ಇನ್ನಾರು ಒಯ್ಯಬೇಕು? ಆದರೆ ಅದು ಅಲ್ಲಿ ಬರೀ ಪಾತ್ರೆಯಲ್ಲಿ ಬೇಯುವುದಿಲ್ಲ. ಆ ಎತ್ತರದಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಲೇ ಇರುತ್ತದೆ, ಬೇಳೆ ಮಾತ್ರ ಗಟ್ಟಿ. ಕುಕ್ಕರ್ ಇದ್ದರೆ ಮಾತ್ರ ಸಾರು. ಅಲ್ಲಿ ಎಲ್ಲರ ಮನೆಯಲ್ಲೂ ಕುಕ್ಕರ್ ಇರುತ್ತದೆ, ಒಂದು ಹೊಸ ಗ್ಯಾಸ್ಕೆಟ್ ಒಯ್ದು ಕೊಟ್ಟರೆ ಖುಷಿಪಡುತ್ತಾರೆ.

ಬಟ್ಟೆ?

ಚಳಿಗಾಲದಲ್ಲಿ ನಮ್ಮೂರಿಗೆ ಸ್ವೆಟರ್ ಮಾರುವವರು ಬರುತ್ತಾರಲ್ಲ, ಅವರ ಬಳಿ ಹಿಂದಿನ ವರ್ಷವೇ ಕೊಂಡಿಡಿ. ಒಂದು ದಪ್ಪನೆಯದಕ್ಕಿಂತ ಮೂರು ತೆಳ್ಳನೆಯವು ಮೇಲೆ ಮೇಲೆ ಹಾಕುವುದು ಒಳ್ಳೆಯದು. ಒಳಗೆ ಥರ್ಮಲ್, ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಉಣ್ಣೆ ಕಾಲುಚೀಲ. ಹೆಂಗಸರು ಸೀರೆಯ ಒಳಗೆ ಥರ್ಮಲ್ ಪ್ಯಾಂಟ್ ಹಾಕಬಹುದು, ನಾನು ಹಾಗೆಯೇ ಇದ್ದೆ, ತೊಂದರೆ ಆಗಲಿಲ್ಲ. ಚಪ್ಪಲಿ ಬೇಡ, ಹಿಡಿತ ಇರುವ ಬೂಟು. ಬಿಸಿಲು ಬಲು ಚುರುಕು, ಕಪ್ಪು ಕನ್ನಡಕ ಬೇಕೇ ಬೇಕು.

ಎಲ್ಲಿ ಉಳಿಯಬೇಕು? ಅವಳ ರೂಮಿನಲ್ಲೇ ಇದ್ದರೆ ಆಗಲ್ವಾ?

ಬೇಡ. ಅವಳ ರೂಮು ಅವಳ ಕೆಲಸದ ಜಾಗ. ಹಳ್ಳಿಯಲ್ಲಿ ಹೋಮ್‌ಸ್ಟೇ ಇರುತ್ತವೆ, ಊಟ ಸೇರಿಸಿಯೇ ಕೊಡುತ್ತಾರೆ. ಅಲ್ಲಿಯೇ ದುಡ್ಡು ಕೊಟ್ಟು ಉಳಿಯಿರಿ, ಚೌಕಾಸಿ ಮಾಡಬೇಡಿ. ಒಂದು ಸಿಲಿಂಡರ್ ಅಲ್ಲಿಗೆ ಬರಬೇಕಾದರೆ ಎಷ್ಟು ಘಟ್ಟ ಹತ್ತಬೇಕು ನೀವೇ ನೋಡಿರುತ್ತೀರಿ.

ಮನೆ ನೋಡಿ ನನಗೆ ಪರಕೀಯ ಅನಿಸಲೇ ಇಲ್ಲ. ದಪ್ಪ ಮಣ್ಣಿನ ಗೋಡೆ, ಸಪಾಟ ಮಣ್ಣಿನ ಮಾಳಿಗೆ. ನಮ್ಮ ತವರುಮನೆಯ ಮಾಳಿಗೆಯೇ. ಅವರು ಮೇಲೆ ದನಕ್ಕೆ ಹುಲ್ಲು, ಸೌದೆ ಒಣಗಿಸಿ ಒಟ್ಟುತ್ತಾರೆ, ನಾವು ಮೆಣಸಿನಕಾಯಿ, ಹಪ್ಪಳ ಒಣಗಿಸುತ್ತಿದ್ದೆವು. ನಮ್ಮದು ಬಿಸಿಲು ತಡೆಯಲು, ಅವರದು ಚಳಿ ತಡೆಯಲು. ನಡುಮನೆಯಲ್ಲಿ ಒಂದು ತಗಡಿನ ಒಲೆ, ಅದರ ಸುತ್ತಲೇ ಊಟ, ಓದು, ನಿದ್ದೆ.

ಸ್ನಾನ, ಪೂಜೆ, ಶೌಚ ಹೇಗೆ?

ನೇರವಾಗಿ ಹೇಳುತ್ತೇನೆ. ದಿನಾ ಸ್ನಾನ ಆಗುವುದಿಲ್ಲ. ಒಂದು ಬಕೆಟ್ ಬಿಸಿನೀರು ಎಂದರೆ ಅಷ್ಟು ಸೌದೆ ಅಥವಾ ಸಗಣಿ ಬೆರಣಿ, ಚಳಿಗಾಲಕ್ಕೆ ಕೂಡಿಟ್ಟದ್ದು. ಮೂರು ನಾಲ್ಕು ದಿನಕ್ಕೊಮ್ಮೆ ಕೇಳಿ. ನಡುವೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿಕೊಳ್ಳಿ.

ಸ್ನಾನ ಇಲ್ಲದೆ ಲಿಂಗಪೂಜೆ ಹೇಗೆ ಎಂದು ನಮ್ಮವರು ಬಹಳ ಜನ ಕೇಳಿದ್ದಾರೆ. ನಾನು ಕೈಕಾಲು ಮುಖ ತೊಳೆದು, ವಿಭೂತಿ ಹಚ್ಚಿ, ಹಾಸಿಗೆಯ ಅಂಚಿನಲ್ಲೇ ಕೂತು ಮಾಡಿದೆ. ಮನಸ್ಸಿಗೆ ಏನೂ ಕಮ್ಮಿ ಅನಿಸಲಿಲ್ಲ. ಮನೆಯೊಡತಿ ತಾನು ತನ್ನ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ನನಗೂ ಚಾಪೆ ಹಾಕಿಕೊಡುತ್ತಿದ್ದಳು.

ಶೌಚಾಲಯ ಒಣದು, ನೀರು ಹಾಕಬಾರದು. ಮೇಲಿನ ಕೋಣೆಯಲ್ಲಿ ನೆಲಕ್ಕೆ ಕಿಂಡಿ, ಪಕ್ಕದಲ್ಲಿ ಮಣ್ಣು, ಬೂದಿ, ಸಲಿಕೆ. ಮುಗಿದ ಮೇಲೆ ಮಣ್ಣು ಹಾಕಿ. ಕೆಳಗೆ ಕೂಡಿದ್ದು ಮುಂದೆ ಹೊಲಕ್ಕೆ ಗೊಬ್ಬರ. ವಾಸನೆ ನೀವು ಅಂದುಕೊಂಡಷ್ಟು ಇರುವುದಿಲ್ಲ. ಕುಕ್ಕರಗಾಲಲ್ಲಿ ಕೂರಲು ಆಗದವರು ಮಡಚುವ ಕುರ್ಚಿ ಕಮೋಡ್ ಒಯ್ಯಿರಿ, ನಾಚಿಕೆ ಪಡಬೇಡಿ.

ಊಟಕ್ಕೆ ಏನು ಸಿಗುತ್ತದೆ? ಸಸ್ಯಾಹಾರಿಗಳಿಗೆ ಕಷ್ಟವಾ?

ಕಷ್ಟ ಇಲ್ಲ. ಬಟಾಣಿ, ಆಲೂಗಡ್ಡೆ, ಅನ್ನ, ಬೇಳೆ, ರೋಟಿ. ತುಕ್ಪಾ ಎಂಬ ಬಿಸಿ ಬಿಸಿ ಸಾರು-ಶಾವಿಗೆಯಂಥದ್ದು, ಮಾಂಸ ಹಾಕದೆಯೂ ಮಾಡುತ್ತಾರೆ, ಮೊದಲೇ ಹೇಳಿ. ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಡುತ್ತಾರೆ. ಚಹಾ ಎಂದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ, ಸಾರು ಎಂದುಕೊಂಡು ಕುಡಿದರೆ ಹಿಡಿಸುತ್ತದೆ.

ಒಂದು ಮಧ್ಯಾಹ್ನ ಮನೆಯೊಡತಿ ಜವೆಗೋಧಿ ಹುರಿಯಲು ಕೂತಳು. ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಕಾಳು ಹಾಕಿ, ಚಟಪಟ ಅರಳಿದ ಕೂಡಲೇ ಜರಡಿಗೆ ಸುರಿದು ಮರಳು ಕೆಳಗೆ ಬಿಟ್ಟಳು. ನಮ್ಮ ಚುರುಮುರಿ ಭಟ್ಟಿಯದೇ ಕೆಲಸ! ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಸುಮ್ನೆ ಹತ್ತಿರ ಹೋಗಿ ಜರಡಿ ಹಿಡಿದೆ. ಅವಳು ಒಂದು ಸಲ ನನ್ನ ಕೈ ನೋಡಿದಳು, ಆಮೇಲೆ ಮರಳು ಸುರಿಯುತ್ತ ಹೋದಳು. ಒಂದು ತಾಸು ಇಬ್ಬರೂ ಮಾತಾಡಲಿಲ್ಲ. ಹುರಿದ ಹಿಟ್ಟಿಗೆ ಅವರು ತ್ಸಂಪಾ ಎನ್ನುತ್ತಾರೆ, ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ನಮ್ಮ ಹುರಿಟ್ಟಿನ ಅಕ್ಕ ಅದು.

ಭಾಷೆ ಬರದಿದ್ದರೆ?

ಅಲ್ಲಿನವರ ಮನೆಮಾತು ಬೇರೆ, ಟಿಬೆಟಿಗೆ ಹತ್ತಿರದ್ದು. ಹಿಂದಿ ಎಲ್ಲರಿಗೂ ಬರುತ್ತದೆ, ಬಲು ವಯಸ್ಸಾದವರಿಗೆ ಸ್ವಲ್ಪ ಕಡಿಮೆ. ಕಲಬುರಗಿ, ಬೀದರ್‌ನ ನಮಗೆ ಇದು ಕಷ್ಟವೇ ಅಲ್ಲ, ಬಜಾರದಲ್ಲಿ ಮಾತಾಡುವ ದಖನಿ ಸಾಕು. ನಮಸ್ಕಾರಕ್ಕೆ "ಜುಲೇ" ಎನ್ನಿ. ದಾರಿಯಲ್ಲಿ ಸ್ತೂಪ, ಮಂತ್ರ ಕೆತ್ತಿದ ಕಲ್ಲುಗಳ ಗೋಡೆ ಬಂದರೆ ಅದು ನಿಮ್ಮ ಬಲಗೈ ಕಡೆ ಇರುವಂತೆ ನಡೆಯಿರಿ. ನಮ್ಮ ಪ್ರದಕ್ಷಿಣೆಯದೇ ರೀತಿ.

ಫೋನ್ ಸಿಗುತ್ತದಾ? ದುಡ್ಡು?

ಕಾಜಾದಲ್ಲಿ ಸಿಗುತ್ತದೆ, ಮೇಲಿನ ಹಳ್ಳಿಗಳಲ್ಲಿ ಬರುತ್ತದೆ ಹೋಗುತ್ತದೆ. ಹಿಮಾಚಲದಲ್ಲಿ ನಮ್ಮ ಪ್ರೀಪೇಯ್ಡ್ ಸಿಮ್ ನಡೆಯುತ್ತದೆ. ಕಾಜಾದಲ್ಲಿ ಎಟಿಎಂ ಇದೆ, ಆದರೆ ಅದನ್ನು ನಂಬಿ ಹೋಗಬೇಡಿ. ಶಿಮ್ಲಾದಲ್ಲೇ ನೋಟು ತೆಗೆದುಕೊಳ್ಳಿ.

ಹಿಕ್ಕಿಂ ಎಂಬ ಹಳ್ಳಿಯಲ್ಲಿ 4,400 ಮೀಟರಿಗೂ ಎತ್ತರದಲ್ಲಿ ಅಂಚೆ ಕಚೇರಿ ಇದೆ. ಅಲ್ಲಿಂದ ಅತ್ತೆಯವರಿಗೆ ಒಂದು ಕಾರ್ಡ್ ಹಾಕಿದೆವು. ನಾವು ಮನೆ ಸೇರಿದ ಎಷ್ಟೋ ದಿನದ ಮೇಲೆ ಬಂತು. ಅವರು ಅದನ್ನು ದೇವರ ಜಗಲಿ ಮೇಲೆ ಇಟ್ಟಿದ್ದಾರೆ.

ಹೆಣ್ಣುಮಗಳನ್ನು ಅಷ್ಟು ದೂರ ಒಬ್ಬಳನ್ನೇ ಬಿಡುವುದು ಹೇಗೆ?

ಈ ಭಯ ನನಗೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಯಾವ ಭಯ ಎಂದು ಬಿಡಿಸಿ ನೋಡಿದೆ. ಜನರ ಭಯ ಅಲ್ಲಿ ಹೋಗಿ ನೋಡಿದ ಮೇಲೆ ಕಡಿಮೆಯಾಯಿತು. ಸಣ್ಣ ಹಳ್ಳಿ, ಅವಳು ಸಂಜೆ ಅರ್ಧ ತಾಸು ತಡವಾಗಿ ಬಂದರೆ ಮೂರು ಮನೆಯವರು ವಿಚಾರಿಸುತ್ತಾರೆ. ರಸ್ತೆ, ಚಳಿ, ಕಾಯಿಲೆಯ ಭಯ ಉಳಿದಿದೆ. ಅದಕ್ಕೆ ಮಕ್ಕಳನ್ನು ಕಳಿಸುವ ಮೊದಲು ಸಂಸ್ಥೆಯವರನ್ನು ಕೇಳಬೇಕಾದ್ದನ್ನು ಕೇಳಿ: ರಾತ್ರಿ ಹುಷಾರು ತಪ್ಪಿದರೆ ಗಾಡಿ ಯಾರದು, ಆಮ್ಲಜನಕದ ಸಿಲಿಂಡರ್ ಎಲ್ಲಿದೆ, ಚಳಿಗಾಲದಲ್ಲಿ ಎಲ್ಲಿ ಇರಿಸುತ್ತೀರಿ, ಅವಳ ಜೊತೆ ಇನ್ನೊಬ್ಬರು ಇರುತ್ತಾರಾ, ವಿಮೆ ಇದೆಯಾ. ಸರಿಯಾದ ಉತ್ತರ ಕೊಡದವರ ಬಳಿ ಕಳಿಸಬೇಡಿ. ಇದರಲ್ಲಿ ಮುಲಾಜು ಬೇಡ.

ಶಾಲೆಗೆ ಹೋಗಬಹುದಾ? ಮಕ್ಕಳಿಗೆ ಏನಾದರೂ ಕೊಡಬಹುದಾ?

ಕೇಳಿಕೊಂಡು ಹೋಗಿ. ಹಿಂದೆ ಕೂತು ನೋಡಿ. ಚಾಕೊಲೇಟ್, ದುಡ್ಡು ಹಂಚಬೇಡಿ, ನಾಳೆ ಅದೇ ಮಕ್ಕಳು ಬಂದವರ ಹಿಂದೆಲ್ಲ ಕೈ ಚಾಚುವಂತಾಗುತ್ತದೆ. ಏನಾದರೂ ಕೊಡಬೇಕು ಅನಿಸಿದರೆ ಮೇಷ್ಟ್ರನ್ನು ಕೇಳಿ. ನಮ್ಮಲ್ಲಿ ಅವರು ಬರೆಯುವ ಕಾಗದ ಕೇಳಿದರು. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ, ನಮ್ಮ ಮೊಮ್ಮಕ್ಕಳ ಫೋಟೋ ಯಾರೋ ಹಾಕಿದರೆ ನಾವು ಸುಮ್ಮನಿರುತ್ತೇವಾ?

ಅವಳನ್ನು ನೋಡಿದ ಮೇಲೆ ಕರೆದುಕೊಂಡು ಬಂದುಬಿಡೋಣ ಅನಿಸಿದರೆ?

ಅನಿಸುತ್ತದೆ. ನನಗೆ ಮೊದಲ ಸಂಜೆಯೇ ಅನಿಸಿತು. ಅವಳ ಕೈ ಹಿಡಿದಾಗ ಬೆರಳ ಸಂದಿಯಲ್ಲಿ ಚರ್ಮ ಸೀಳಿತ್ತು, ಒಂದು ಕಡೆ ರಕ್ತ ಒಣಗಿತ್ತು. ಇಲ್ಲಿ ಇದ್ದಾಗ ಪಾತ್ರೆ ತೊಳೆಯಲು ಬಿಡದೆ ಬೆಳೆಸಿದ ಮಗಳು. ಕೊಡದಲ್ಲಿ ನೀರು ತರುವಾಗ ಉಸಿರು ಕಟ್ಟದೆ ಏರು ಹತ್ತುತ್ತಾಳೆ. ನಾನು ಹಿಂದೆ ನಿಂತು ನೋಡುತ್ತ ಅತ್ತೆ. ಅವಳಿಗೆ ಕಾಣದಂತೆ ಅತ್ತೆ, ಅಷ್ಟು ಮಾತ್ರ ಸಾಧ್ಯವಾಯಿತು.

ಅದೇ ರಾತ್ರಿ "ಸಾಕು, ಹೋಗೋಣ" ಎನ್ನುವ ಮಾತು ಬಾಯಿತನಕ ಬಂದಿತ್ತು. ನಮ್ಮ ಮನೆಯವರು ತಡೆದರು. "ಮೂರು ದಿನ ಏನೂ ಅನಬ್ಯಾಡ. ತಾಬೋದಾಗ ಮೈ ಹೊಂದಸ್ಕೊಂಡಂಗ ಇಲ್ಲಿ ಮನಸ್ಸು ಹೊಂದಸ್ಕೋ" ಎಂದರು. ಜೂನ್‌ನಲ್ಲಿ ತಾವು ಅವಸರ ಮಾಡಿ ಅನುಭವಿಸಿದ್ದರು, ಅದಕ್ಕೇ ಆ ಮಾತು ಬಂತು. ನಾನು ಸುಮ್ಮನಾದೆ.

ಮೂರನೇ ದಿನ ಶಾಲೆಯ ಹಿಂದಿನ ಗೋಡೆಗೆ ಒರಗಿ ಕೂತಿದ್ದೆ. ಒಬ್ಬ ಚಿಕ್ಕ ಹುಡುಗಿ ಕಳೆಯುವ ಲೆಕ್ಕ ಮಾಡುತ್ತಿದ್ದಳು, ದಶಕ ತೆಗೆದುಕೊಳ್ಳುವ ಕಡೆ ಬಂದು ನಿಂತಳು. ನಮ್ಮ ಮಗಳು ಹೇಳಿಕೊಡಲಿಲ್ಲ. ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ಬಟಾಣಿ ಕಾಳುಗಳನ್ನು ಹತ್ತರ ಗುಂಪು ಮಾಡಿ ನೆಲದ ಮೇಲೆ ಇಟ್ಟಳು, ಕಾದಳು. ಬಹಳ ಹೊತ್ತು ಕಾದಳು. ಹುಡುಗಿ ಒಂದು ಗುಂಪು ಬಿಚ್ಚಿ ಎಣಿಸಿ, ತಾನೇ ಬರೆದು, ಸ್ಲೇಟು ಎತ್ತಿ ತೋರಿಸಿದಳು. ಮನೆಯಲ್ಲಿ ಚಹಾ ಕುದಿಯುವವರೆಗೂ ಕಾಯದ ಮಗಳು ಇವಳೇನಾ ಎಂದು ನೋಡುತ್ತ ಕೂತೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಕರೆತರಲು ಹೋಗಬೇಡಿ, ನೋಡಲು ಹೋಗಿ. ಮೂರು ದಿನ ಅವಳ ದಿನಚರಿ ಹೇಗಿದೆಯೋ ಹಾಗೇ ಇರಲಿ, ನಿಮಗಾಗಿ ರಜೆ ಹಾಕಿಸಬೇಡಿ. ಅವಳ ರೂಮು ಗುಡಿಸಿ ಒಪ್ಪ ಮಾಡಬೇಡಿ. ಅವಳ ಜೊತೆಗಾರರ ಮುಂದೆ "ಯಾವಾಗ ಬಿಡ್ತೀ" ಎನ್ನಬೇಡಿ. ಅವಳು ನಿಜವಾಗಿ ಸೊರಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಅದು ಆ ಮೂರು ದಿನದಲ್ಲಿ ನಿಮಗೇ ಗೊತ್ತಾಗುತ್ತದೆ. ಆಗ ಕರೆದುಕೊಂಡೇ ಬನ್ನಿ, ಸಂಕೋಚ ಬೇಡ.

ಮದುವೆ ವಯಸ್ಸು ಮೀರುತ್ತಿದೆ, ಆ ಮಾತು ಅಲ್ಲಿ ಎತ್ತಬಹುದಾ?

ಎತ್ತಬೇಡಿ. ಫೋನಿನಲ್ಲಿ ವರ್ಷವಿಡೀ ಎತ್ತಿದ್ದು ಸಾಕು. ನಾನು ಎತ್ತಲಿಲ್ಲ, ಕೊನೆಯ ದಿನ ಅವಳೇ ಎತ್ತಿದಳು. ನಾವು ಮೂವರೂ ಒಲೆಯ ಮುಂದೆ ಕೂತು ಮಾತಾಡಿದ್ದು ಇಲ್ಲಿ ಬರೆಯುವಂಥದ್ದಲ್ಲ. ಜಗಳ ಆಗಲಿಲ್ಲ.

ಎರಡನೇ ವರ್ಷ ಯಾಕೆ ಉಳಿದಳು?

ಐದನೇ ತರಗತಿಯ ಮಕ್ಕಳನ್ನು ನಡುವೆ ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದಳು. ಈ ವರ್ಷ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾಳೆ.

ವಾಪಸ್ ಬರುವಾಗ ಏನು ತರಬೇಕು?

ಕೊಳ್ಳಲು ಬಹಳ ಏನೂ ಇಲ್ಲ. ಹೊರಡುವ ಬೆಳಗ್ಗೆ ಮನೆಯೊಡತಿ ಬಿಳಿ ಶಾಲಿನಂಥದ್ದನ್ನು ಕೊರಳಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿದ ಒಣ ಬಟಾಣಿ ಕೈಗಿಟ್ಟಳು, ಎರಡು ಕಿಲೋ ಇರಬಹುದು. ನಾನು ಉಳಿದ ಹಿಂಡಿಯ ಡಬ್ಬಿಯನ್ನು ಡಬ್ಬಿ ಸಮೇತ ಕೊಟ್ಟೆ. ಮಗಳಿಂದ ಫೋನ್ ಬಂದ ದಿನ ಒಂದು ಹಿಡಿ ನೆನೆಹಾಕುತ್ತೇನೆ. ಅಲ್ಲಿ ಆ ಕಾಳು ಒಲೆಯ ಮೇಲೆ ಬರೀ ಪಾತ್ರೆಯಲ್ಲಿ ಬೇಯಲು ಮನೆಯವರೆಲ್ಲ ಒಲೆ ಸುತ್ತ ಕೂತು ಒಂದು ಸಂಜೆ ಕಾಯುತ್ತಿದ್ದರು. ಇಲ್ಲಿ ಮೂರು ಸೀಟಿಗೆ ಬೇಯುತ್ತದೆ. ಇನ್ನೂ ಅರ್ಧ ಕಿಲೋ ಉಳಿದಿದೆ.